ಐಸ್ ಪ್ಲಾಂಟಿನ ಆಕಾಶನೌಕೆ

ಸತ್ತವರು ಬಂದು ಕರೆದರು, ಯಾರೂ ಇಲ್ಲದ ಕಡೆ ಸ್ವರ ಕೇಳಿತು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಜಾತಿಯವನು ನಾನು. ದೈವಕ್ಕೆ ಕೈ ಮುಗಿಯುತ್ತೇನೆ, ಅದು ಬೇರೆ ಮಾತು. ಆದರೆ ಈ "ನಂಗೇ ಆದ್ದ್ ಮಾರಾಯ್ರೆ" ಎಂಬ ಕಥೆಗಳನ್ನು ಕೇಳಿದರೆ ಮೈ ಉರಿಯುತ್ತಿತ್ತು. "ಆ ದಿನ ಎಷ್ಟ್ ಹಾಕಿದ್ದೆ?" ಎಂದು ಎದುರಿಗೇ ಕೇಳಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ನನ್ನ ಪಾಲಿನ ನಗು ನಾನು ಆಗಲೇ ನಕ್ಕು ಮುಗಿಸಿದ್ದೇನೆ.

ಎರಡು ಸಾವಿರದ ಐದರ ಆಸುಪಾಸು ಇರಬೇಕು. ಬೈಂದೂರಿನಲ್ಲಿ ನನ್ನದೊಂದು ಸಿ.ಡಿ. ಅಂಗಡಿ ಇತ್ತು, ಬಾಡಿಗೆಗೆ ಸಿನಿಮಾ ಕೊಡುವ ಅಂಗಡಿ. ಮಳೆಗಾಲದಲ್ಲಿ ಬೋಟುಗಳನ್ನು ದಡಕ್ಕೆ ಎಳೆದ ಮೇಲೆ ಮೀನುಗಾರರಿಗೆ ಕೆಲಸವಿಲ್ಲ, ನನಗೆ ಭರ್ತಿ ವ್ಯಾಪಾರ. ಅವರು ಹೆಚ್ಚು ಕೇಳುತ್ತಿದ್ದದ್ದು ನಾವು 'ರಾಕೆಟ್ ಪಿಚ್ಚರ್' ಅನ್ನುತ್ತಿದ್ದ, ಹಿಂದಿಗೆ ಡಬ್ ಆದ ಪರದೇಶದ ಸಿನಿಮಾಗಳನ್ನು. ಕಥೆ ಎಲ್ಲದರಲ್ಲೂ ಒಂದೇ. ಆಕಾಶದಲ್ಲೊಂದು ನೌಕೆ, ಒಳಗೆ ಏಳೆಂಟು ಜನ, ಸುತ್ತಮುತ್ತ ಒಂದು ನರಪಿಳ್ಳೆಯೂ ಇಲ್ಲ. ಒಳಗೆ ಏನೋ ಒಂದು ಹೊಕ್ಕು ಒಬ್ಬೊಬ್ಬರನ್ನೇ ಮುಗಿಸುತ್ತದೆ. ಮಾಡಿದವರ ಹತ್ತಿರ ದುಡ್ಡಿಲ್ಲವೆಂಬುದು ಕುರುಡನಿಗೂ ಗೊತ್ತಾಗಬೇಕು. ಅದೇ ಓಣಿಯಲ್ಲಿ ಹತ್ತು ಸಲ ಓಡುತ್ತಾರೆ, ಟ್ಯೂಬ್‌ಲೈಟು ಮಿಣಮಿಣ ಅನ್ನುತ್ತದೆ, ರಾಕ್ಷಸ ಮಾತ್ರ ಕೊನೆಯ ಐದು ನಿಮಿಷದವರೆಗೆ ಮುಖ ತೋರಿಸುವುದಿಲ್ಲ. ಕಾಸಿಗೆ ತಕ್ಕ ಕಜ್ಜಾಯ. "ಇದ್ರಗ್ ಎಂತ ಉಂಟ್ ಅಂತ ಕಾಂತ್ರಿ?" ಎಂದು ಒಬ್ಬ ಬೋಟಿನವನನ್ನು ಕೇಳಿದ್ದೆ. "ಅದ್ ನಮ್ ಬೋಟೇ ಅಲ್ದಾ ಮಾರಾಯ. ಒಳ್ಗ್ ಎಂತ ಆದ್ರೂ ಇಳ್ದ್ ಎಲ್ಲಿಗ್ ಹೋಪುದ್?" ಅಂದ.

ನನ್ನ ಗೆಳೆಯ ಪ್ರಭಾಕರ ಕುಂದಾಪುರದಲ್ಲಿ ಮದುವೆ ವೀಡಿಯೊ ಮಾಡುತ್ತಿದ್ದ. ಆಷಾಢದಲ್ಲಿ ಮದುವೆ ಇಲ್ಲ, ಕೈ ತುರಿಸುತ್ತಿತ್ತು. ನಾವೂ ಒಂದು ರಾಕೆಟ್ ಪಿಚ್ಚರ್ ಮಾಡುವ ಎಂದ. ಗಂಗೊಳ್ಳಿ ಕಡೆಯ ಒಂದು ಐಸ್ ಪ್ಲಾಂಟು ಮೀನುಗಾರಿಕೆ ಇಲ್ಲದ್ದರಿಂದ ಮುಚ್ಚಿತ್ತು, ಅದರ ಕೀ ಅವನ ಭಾವನ ಹತ್ತಿರ ಇತ್ತು. ಒಳಗೆ ಹೋಗಿ ನೋಡಿದರೆ ದಪ್ಪ ದಪ್ಪ ಪೈಪು, ತುಕ್ಕು ಹಿಡಿದ ಮೀಟರು, ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ. ಅರ್ಧ ನೌಕೆ ಆಗಲೇ ತಯಾರಾಗಿತ್ತು. ಮಿಕ್ಕ ಅರ್ಧಕ್ಕೆ ಥರ್ಮೋಕೋಲು ಅಂಟಿಸಿ, ಮದುವೆ ಮನೆಯ ಸೀರಿಯಲ್ ಲೈಟು ಸುತ್ತಿದೆವು. ಸ್ಕೂಟರ್ ಹೆಲ್ಮೆಟ್ಟಿಗೆ ಬೆಳ್ಳಿ ಬಣ್ಣ ಬಳಿದು ತಲೆಗೆ ಹಾಕಿಕೊಂಡೆವು. ರಿಕ್ಷಾ ಓಡಿಸುವ ನಾಗ ಕ್ಯಾಪ್ಟನ್. ನಾನು ಕೊನೆಗೆ ಉಳಿಯುವವನು.

ರಾಕ್ಷಸನ ವೇಷಕ್ಕೆ ದುಡ್ಡಿರಲಿಲ್ಲ. ಅದಕ್ಕೆ ಪ್ರಭಾಕರ ಒಂದು ಉಪಾಯ ತೆಗೆದ. ನಮ್ಮ ರಾಕ್ಷಸನಿಗೆ ಮೈಯೇ ಇಲ್ಲ, ಬರೀ ಸ್ವರ. ಬಾಗಿಲಿನ ಹೊರಗೆ ನಿಂತು ನಿಮ್ಮ ನಿಮ್ಮ ಮನೆಯವರ ಸ್ವರದಲ್ಲಿ ಕರೆಯುತ್ತದೆ. ಪಾಪ ಅಂತ ತೆರೆದವನು ಸತ್ತ. ಕೊನೆಯಲ್ಲಿ ನನ್ನನ್ನು ನನ್ನ ತಾಯಿಯ ಸ್ವರದಲ್ಲಿ ಕರೆಯುತ್ತದೆ. ನಾನು ತೆರೆಯುವುದಿಲ್ಲ, ಅದಕ್ಕೇ ಬದುಕುತ್ತೇನೆ. ಮಾತೆಲ್ಲ ಪುಸ್ತಕದ ಕನ್ನಡದಲ್ಲಿ. ಆಕಾಶದಲ್ಲಿ ಕುಂದಾಪ್ರ ಕನ್ನಡ ಆಡಿದರೆ ಜನ ನಗುತ್ತಾರೆ ಎಂದು ಅವನ ಹಟ. ನನ್ನ ಮಾತು ಇಷ್ಟೇ: "ನೀನು ನನ್ನ ತಾಯಿಯಲ್ಲ. ನಾನು ಬಾಗಿಲು ತೆರೆಯುವುದಿಲ್ಲ." ಮೂರು ಸಲ ಹೇಳಬೇಕು, ಸಲಸಲಕ್ಕೂ ಜೋರಾಗಿ.

ಮರವಂತೆಯ ನಮ್ಮ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಮೀನಿನ ಬುಟ್ಟಿ ಹೊತ್ತು ಹೊತ್ತು ಅವಳ ಮೊಣಕಾಲು ಹಾಳಾಗಿತ್ತು, ನಾಲಿಗೆ ಮಾತ್ರ ಚುರುಕು. ಆ ಬೆಳಿಗ್ಗೆ ನಾನು ಹೆಲ್ಮೆಟ್ಟು ಹಿಡಿದು ಹೊರಟಾಗ, "ಹ್ವಾಯ್, ಆಕಾಶಕ್ಕ್ ಹೋಪವ್ರೇ, ಬಪ್ಪಾಗ ಒಂದ್ ಉಪ್ಪಿನ್ ಪ್ಯಾಕೆಟ್ ತಕಂಡ್ ಬನ್ನಿ" ಅಂದಳು. ಪಿಚ್ಚರಿನ ಆ ಮಾತನ್ನು ನಾನು ಮನೆಯಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಹೆತ್ತವಳ ಕಿವಿಗೆ ಬೀಳುವ ಹಾಗೆ ಅಂಥ ಮಾತು ಹೇಳಲು ನಾಲಿಗೆ ಏಳಬೇಕಲ್ಲ. ಇದನ್ನು ನೆನಪಿನಲ್ಲಿಡಿ.

ಇನ್ನೊಂದು ಮಾತು. ನಮ್ಮ ಹಿತ್ತಲಿನ ಬಚ್ಚಲಿನ ಬಾಗಿಲು ಸಮುದ್ರದ ಗಾಳಿಗೆ ನಿಲ್ಲುತ್ತಿರಲಿಲ್ಲ, ಢಬಢಬ ಹೊಡೆದುಕೊಳ್ಳುತ್ತಿತ್ತು. ಅಮ್ಮನ ಕಿರಿಕಿರಿ ತಾಳಲಾರದೆ ಆ ವಾರವಷ್ಟೇ ಒಳಗಿನಿಂದ ಒಂದು ಗಟ್ಟಿ ಕಬ್ಬಿಣದ ಚಿಲಕ ಹಾಕಿಸಿದ್ದೆ. ಬಹಳ ಖುಷಿಯಾಗಿತ್ತು ಅವಳಿಗೆ.

ಆ ದಿನ ಮಧ್ಯಾಹ್ನ ಊಟ ಮುಗಿಸಿ ನನ್ನ ಕೊನೆಯ ದೃಶ್ಯ ತೆಗೆಯಲು ನಿಂತೆವು. ಐಸ್ ಇಡುವ ಕೋಣೆಯ ಒಳಗೆ ನಾನೊಬ್ಬನೇ. ಗೇಣು ದಪ್ಪದ ಬಾಗಿಲು, ಗೋಡೆಗೆಲ್ಲ ತಂಪು ಹೋಗದ ಹಾಗೆ ಹಾಸಿದ ಕಾರ್ಕು. ಐಸಿನ ಗಡ್ಡೆ ಹೊರಗೆ ಜಾರಿಸುವ ಒಂದು ಸಣ್ಣ ಕಂಡಿ ಇತ್ತು. ಅದಕ್ಕೆ ಗಾಜು ಇಟ್ಟು ಟೇಪು ಸುತ್ತಿ, ಆ ಗಾಜಿನ ಹೊರಗೆ ಕ್ಯಾಮೆರಾ ಇಟ್ಟಿದ್ದರು. ಮೈಕು ಮಾತ್ರ ನನ್ನ ಅಂಗಿಯೊಳಗೆ. ಬಾಗಿಲು ಮುಚ್ಚಿದರೆ ಹೊರಗಿನವರು ಕೂಗಿದರೂ ನನಗೆ ಕೇಳುವುದಿಲ್ಲ. ಹಾಗಾಗಿ ನಾಗ ಟಾರ್ಚು ಹಿಡಿದಿದ್ದ. ಒಂದು ಸಲ ಬೆಳಕು ಬಿಟ್ಟರೆ ಶುರು, ಎರಡು ಸಲ ಬಿಟ್ಟರೆ ಸಾಕು. ಅಮ್ಮನ ಸ್ವರವನ್ನು ಆಮೇಲೆ ಪ್ರಭಾಕರನ ಹೆಂಡತಿಯಿಂದ ಹೇಳಿಸಿ ಸೇರಿಸುವುದೆಂದು ಮಾತಾಗಿತ್ತು. ಕೇಳಿದ ಹಾಗೆ ನಾನು ನಟಿಸಬೇಕು.

ಟಾರ್ಚಿನ ಬೆಳಕು ಬಿತ್ತು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಏದುಸಿರು ಬಿಡುತ್ತ ನಿಂತೆ.

"ಮಗಾ."

ಬೆನ್ನ ಹಿಂದೆ, ಬಾಗಿಲಿನ ಆಚೆಗೆ. ಅಮ್ಮನ ಸ್ವರ.

"ಬಾಗ್ಲ್ ತೆಗಿ ಮಗಾ. ಜಾರಿ ಬಿದ್ದೆ. ಏಳುಕ್ ಆತಿಲ್ಲ."

ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಲಿಲ್ಲ. ಮೊದಲು ಬಂದದ್ದು ಮೆಚ್ಚುಗೆ. ಕಳ್ಳ ಪ್ರಭಾಕರ, ನನ್ನನ್ನು ಅಳಿಸಲು ಎಲ್ಲೋ ಸ್ಪೀಕರ್ ಅಡಗಿಸಿ ಯಾರಿಂದಲೋ ಮಿಮಿಕ್ರಿ ಮಾಡಿಸಿದ್ದಾನೆ ಅಂದುಕೊಂಡೆ. ಹಾಳಾದವನು ಅಮ್ಮನ ಕೆಮ್ಮನ್ನು ಸಹ ಬಿಟ್ಟಿರಲಿಲ್ಲ. ಪುಸ್ತಕದ ಕನ್ನಡ ಬಿಟ್ಟು ನಮ್ಮ ಮನೆಯ ಮಾತನ್ನೇ ಹೇಳಿಸಿದ್ದಾನಲ್ಲ, ಭೇಷ್ ಅನ್ನಿಸಿತು. ನಾನು ಬಾಗಿಲಿನ ಕಡೆ ತಿರುಗಿ ನನ್ನ ಮಾತು ಹೇಳಿದೆ. "ನೀನು ನನ್ನ ತಾಯಿಯಲ್ಲ. ನಾನು ಬಾಗಿಲು ತೆರೆಯುವುದಿಲ್ಲ."

ಮತ್ತೆ, "ಎಂತ ಹೇಳ್ತೆ ಮಗಾ? ನಾನೇ ಅಲ್ದಾ. ಬಾಗ್ಲ್ ತೆಗಿ. ತಲಿಯಗ್ ರಕ್ತ ಬತ್ತಾ ಇತ್ತ್."

ಕೈಮೇಲೆ ರೋಮ ಎದ್ದು ನಿಂತಿತು. ಅಭಿನಯ ಚೆನ್ನಾಗಿ ಬರುತ್ತಿದೆ ಎಂದು ಒಳಗೊಳಗೇ ಹಿಗ್ಗಿದೆ. ಎರಡನೇ ಸಲ ಗದರಿಸಿ ಹೇಳಿದೆ. ಆ ಕಡೆಯಿಂದ ಅಳು ಕೇಳಿತು. ಅಮ್ಮ ಅತ್ತದ್ದನ್ನು ನಾನು ನೋಡಿದ್ದು ಕಡಿಮೆ. ಅಪ್ಪ ಸತ್ತಾಗ ಒಮ್ಮೆ, ಅಷ್ಟೇ. "ನಂಗ್ ಹೆದ್ರಿಕೆ ಆತ್ತ್ ಮಗಾ" ಅಂದಿತು ಸ್ವರ. ಮೂರನೆಯದನ್ನು ನಾನು ಎರಡೂ ಅಂಗೈಯಿಂದ ಬಾಗಿಲು ಬಡಿಯುತ್ತ ಕಿರುಚಿ ಹೇಳಿದೆ.

ಕೊನೆಗೆ, ಸೋತವರ ಹಾಗೆ, "ಆಯ್ತ್ ಮಗಾ" ಎಂದು ಕೇಳಿತು. ಟಾರ್ಚು ಎರಡು ಸಲ ಮಿನುಗಿತು.

ಹೊರಗೆ ಬಂದರೆ ಎಲ್ಲರೂ ಚಪ್ಪಾಳೆ. ನಾಗ ಕಣ್ಣೊರೆಸಿಕೊಳ್ಳುತ್ತಿದ್ದ. "ಯಾರ್ ಮಾಡ್ದ್ ಆ ಸ್ವರ?" ಎಂದು ಕೇಳಿದೆ. "ಎಂತ ಸ್ವರ? ಅದನ್ನ್ ಆಮೇಲ್ ಹಾಕುದಲ್ದಾ?" ಅಂದ ಪ್ರಭಾಕರ. ಬೇಡದ ಕುಶಾಲು ಮಾಡಬೇಡ ಎಂದು ರೇಗಿದೆ. "ಪಿಚ್ಚರ್ ಮುಗಿತ್ ಮಾರಾಯ, ಇನ್ ಇಳಿ ಆಕಾಶದಿಂದ" ಎಂದು ಅವನು ನಕ್ಕ. ನಾನು ಹಟ ಹಿಡಿದ ಮೇಲೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಹಾಕಿ ತೋರಿಸಿ, ಹೆಡ್‌ಫೋನು ನನ್ನ ಕಿವಿಗೇ ಇಟ್ಟ. ನಾನು ಒಬ್ಬನೇ ಇದ್ದೇನೆ. ಸುಮ್ಮನಿರುತ್ತೇನೆ, ಕಿವಿಗೊಡುತ್ತೇನೆ, ಉತ್ತರ ಕೊಡುತ್ತೇನೆ. ಬೇರೆ ಸ್ವರವೇ ಇಲ್ಲ.

ಚಾ ಮತ್ತು ಬನ್ಸು ಬಂತು. ನಾನು ಒಂದು ತುತ್ತು ತಿಂದಿದ್ದೆನೋ ಇಲ್ಲವೋ, ಪ್ರಭಾಕರನ ಮೊಬೈಲು ಹೊಡೆದುಕೊಂಡಿತು. ಅವನು ನನ್ನ ಮುಖ ನೋಡಿ, ಅಮ್ಮ ಬಿದ್ದಿದ್ದಾರಂತೆ ಎಂದ. ಬೈಕಿನಲ್ಲಿ ಕರೆದುಕೊಂಡು ಹೋದ. ನಾವು ಮನೆ ಮುಟ್ಟುವಾಗ, ಅಮ್ಮನನ್ನು ಕುಂದಾಪುರದ ಆಸ್ಪತ್ರೆಗೆಂದು ಒಯ್ದ ಜೀಪು ಅರ್ಧದಿಂದಲೇ ತಿರುಗಿ ಬಂದು ಅಂಗಳದಲ್ಲಿ ನಿಂತಿತ್ತು.

ಪಕ್ಕದ ಮನೆಯ ಗಿರಿಜಕ್ಕ ಜಗಲಿಯ ಮೇಲೆ ಕೂತಿದ್ದರು. ಅವರ ಸೀರೆಯ ಮಡಿಲು ರಕ್ತವಾಗಿತ್ತು. ಅಮ್ಮ ಮೀನು ಮಾರಲು ಹೋಗುತ್ತಿದ್ದ ಕಾಲದಲ್ಲಿ ನನಗೆ ಗಂಜಿ ಉಣಿಸಿ ಸಾಕಿದವರು ಅವರು. ಓಡಿಬಂದ ನನ್ನನ್ನು ನೋಡಿ ಅವರು ಅಳಲಿಲ್ಲ. "ಎಲ್ಲಿಗ್ ಹೋಯಿದ್ದೆ ಮಗಾ?" ಎಂದು ಮಾತ್ರ ಕೇಳಿದರು. ಐಸ್ ಪ್ಲಾಂಟಿನಲ್ಲಿದ್ದೆ ಅಂದೆ. ಗಿರಿಜಕ್ಕ ತಲೆ ಅಲ್ಲಾಡಿಸಿದರು.

ಅವರು ಹೇಳಿದ್ದು ಇಷ್ಟು. ದಿನದ ಹಾಗೆ ಮಧ್ಯಾಹ್ನದ ಧಾರಾವಾಹಿ ನೋಡಲು ನಮ್ಮ ಮನೆಗೆ ಬಂದರು. ಟಿ.ವಿ. ಹಚ್ಚಿತ್ತು, ಮುಂದೆ ಯಾರೂ ಇರಲಿಲ್ಲ. ಹಿತ್ತಲಿನಲ್ಲಿ ಅಮ್ಮ ಯಾರ ಹತ್ತಿರವೋ ಮಾತಾಡುವುದು ಕೇಳಿತು. ಎದ್ದು ಹೋಗಿ ನೋಡುವ ಅನ್ನುವಷ್ಟರಲ್ಲಿ ನನ್ನ ಸ್ವರ ಕೇಳಿತಂತೆ. "ನೀನ್ ಇದ್ಯಲ್ಲ ಅಂದ್ಹೇಳಿ ನಾನ್ ಎದ್ದ್ ಬರ್ಲಿಲ್ಲ ಮಗಾ. ಮಗ ಇದ್ದಲ್ಲಿ ನಂಗೆಂತ ಕೆಲ್ಸ ಅಂದ್ಕಂಡೆ" ಅಂದರು. ತಾಯಿ ಮಗ ಏನೋ ಜಗಳ ಆಡುತ್ತಿದ್ದಾರೆಂದುಕೊಂಡು ಧಾರಾವಾಹಿ ಮುಗಿಯುವ ತನಕ ಕೂತಿದ್ದಾರೆ. ಆಮೇಲೆ ಹಿತ್ತಲಿಗೆ ಹೋದರೆ ನಾನಿಲ್ಲ. ಬಚ್ಚಲಿನ ಬಾಗಿಲು ಮುಚ್ಚಿದೆ, ಒಳಗೆ ನರಳಾಟ. ರಸ್ತೆಯಿಂದ ಗಂಡಸರನ್ನು ಕರೆದು ಬಾಗಿಲು ಒಡೆಸುವಾಗ ಆ ಚಿಲಕ ಬಹಳ ಹೊತ್ತು ತಡೆಯಿತಂತೆ.

ಜೀಪಿನಲ್ಲಿ ಅಮ್ಮನ ತಲೆ ಗಿರಿಜಕ್ಕನ ಮಡಿಲಲ್ಲಿತ್ತು. ಪ್ರಾಣ ಹೋಗುವ ಮೊದಲು ಅಮ್ಮ ಹೇಳಿದ್ದನ್ನು ಅವರು ಅಂಗಳದ ತುಂಬ ಜನರ ಎದುರಿಗೆ ಹೇಳಿದರು. "ಮಗ ಬಾಗ್ಲ್ ಹೊರ್ಗೇ ಇದ್ದಿದ್ದ ಗಿರಿಜಾ. ಪುಸ್ತಕ ಓದಿದ್ ಹಾಂಗೆ ಮಾತಾಡ್ದ. ನಾನ್ ಅವ್ನ ತಾಯಿ ಅಲ್ಲ ಅಂದ. ಬಾಗ್ಲ್ ತೆಗೂದಿಲ್ಲ ಅಂದ."

ಅಂಗಳದಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಪ್ರಭಾಕರ ಆಣೆ ಹಾಕಿ ಹೇಳಿದ, ಮಧ್ಯಾಹ್ನವಿಡೀ ನಮ್ಮ ಜೊತೆಗೇ ಇದ್ದ ಎಂದು. ಮಾರನೇ ದಿನ ನಾಗನೂ ಬಂದು ಹೇಳಿದ. ಕೆಲವರು ನಂಬಿದರು. ಗೆಳೆಯರಲ್ಲವೇ, ಹೇಳದೆ ಇರುತ್ತಾರೆಯೇ ಎಂದರು ಉಳಿದವರು. ಊರಿನವರ ಮಾತು ನನಗೆ ತಾಗಲಿಲ್ಲ. ನನ್ನನ್ನು ಸಾಕಿದ ಗಿರಿಜಕ್ಕ ನನ್ನನ್ನು ನಂಬಬೇಕಿತ್ತು, ಅಷ್ಟೇ ಬೇಕಿದ್ದದ್ದು. ಅವರು ನನ್ನನ್ನು ಬೈಯಲಿಲ್ಲ, ಬಿಡಲೂ ಇಲ್ಲ. ನಾನೊಬ್ಬನೇ ಎಂದು ವರ್ಷಗಟ್ಟಲೆ ಸಾರು ತಂದುಕೊಟ್ಟರು. ಆದರೆ ಪಾತ್ರೆ ಇಡುವಾಗ ಒಮ್ಮೊಮ್ಮೆ ನನ್ನ ಮುಖವನ್ನು ಹುಡುಕಿದ ಹಾಗೆ ನೋಡುತ್ತಿದ್ದರು.

ಸಿನಿಮಾ ಅಲ್ಲಿಗೇ ನಿಂತಿತು. ಸಿ.ಡಿ. ಅಂಗಡಿಗಳ ಕಾಲವೂ ಮುಗಿಯಿತು, ನಾನು ಮೊಬೈಲ್ ರಿಪೇರಿಗೆ ಇಳಿದೆ. ಎಷ್ಟೋ ವರ್ಷದ ಮೇಲೆ ಪ್ರಭಾಕರ ಹಳೆಯ ಟೇಪುಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕುವಾಗ ಆ ದೃಶ್ಯವನ್ನು ನನಗೂ ಕೊಟ್ಟ. ತಲೆಗೆ ಹೊಳೆಯಿತು. ನಾನು ಐಸ್ ಪ್ಲಾಂಟಿನಲ್ಲಿದ್ದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಗಿರಿಜಕ್ಕನನ್ನು ಕರೆದು, ಚಾ ಮಾಡಿ ಕೈಗೆ ಕೊಟ್ಟು, ಟಿ.ವಿ.ಗೆ ಹಾಕಿ ತೋರಿಸಿದೆ. "ಕಾಣಿ ಅಕ್ಕ, ಹೆಲ್ಮೆಟ್ ಕಾಣಿ, ಪೈಪ್ ಕಾಣಿ. ನಾನ್ ಇಲ್ಲೇ ಇದ್ದದ್ದ್."

ಗಿರಿಜಕ್ಕ ಕಣ್ಣು ಮಿಟುಕಿಸದೆ ನೋಡಿದರು. ನನ್ನ ಕಿರುಚಾಟ ಮುಗಿಯಿತು, ಪರದೆ ಕಪ್ಪಾಯಿತು.

"ಇದೇ ಸ್ವರ" ಅಂದರು. "ಇದೇ ಮಾತ್. ಒಂದ್ ಅಕ್ಷರ ಹೆಚ್ಚ್ ಕಡ್ಮಿ ಇಲ್ಲ." ಚಾದ ಲೋಟವನ್ನು ಹಾಗೇ ನೆಲಕ್ಕಿಟ್ಟರು. "ನಾನೇ ತಪ್ಪ್ ಕೇಳ್ದೆ ಕಾಣತ್ತ್ ಅಂದ್ಕಂಡ್ ಇಷ್ಟ್ ವರ್ಷ ಮನಸ್ಸಿಗ್ ಸಮಾಧಾನ ಮಾಡ್ಕಂಡಿದ್ದೆ ಮಗಾ."

ಎದ್ದು ಹೋದರು. ಆಮೇಲೆ ಅವರು ನಮ್ಮ ಅಂಗಳ ತುಳಿಯಲಿಲ್ಲ. ಎರಡು ಮನೆಗಳ ನಡುವೆ ಇರುವುದು ಒಂದು ಬೇಲಿ ಮಾತ್ರ, ಎದುರಾದರೆ ಮುಖ ತಿರುಗಿಸಿಕೊಳ್ಳುತ್ತಾರೆ.

ನಾನು ಎಷ್ಟು ಲೆಕ್ಕ ಹಾಕಿದರೂ ಇದು ಬಗೆಹರಿಯುವುದಿಲ್ಲ. ಐಸ್ ಪ್ಲಾಂಟಿನ ಆ ಬಾಗಿಲಿಗೆ ಆ ದಿನ ಹೊರಗಿನಿಂದ ಕೊಂಡಿ ಹಾಕಿರಲಿಲ್ಲ. ಸುಮ್ಮನೆ ಎಳೆದುಕೊಂಡದ್ದು, ಒಮ್ಮೆ ತಳ್ಳಿದ್ದರೆ ತೆರೆಯುತ್ತಿತ್ತು. ತೆರೆದಿದ್ದರೆ ಹೊರಗೆ ಕ್ಯಾಮೆರಾ ಇರುತ್ತಿತ್ತೋ, ನಮ್ಮ ಬಚ್ಚಲು ಇರುತ್ತಿತ್ತೋ ನನಗೆ ಗೊತ್ತಿಲ್ಲ. ಆ ಮಧ್ಯಾಹ್ನ ನೀನು ಎಲ್ಲಿದ್ದೆ ಎಂದು ಯಾರಾದರೂ ಕೇಳಿದರೆ ಐಸ್ ಪ್ಲಾಂಟಿನಲ್ಲಿ ಎಂದೇ ಹೇಳುತ್ತೇನೆ. ಆದರೆ ಮೊದಲಿನಷ್ಟು ಗಟ್ಟಿಯಾಗಿ ಹೇಳಲು ಈಗ ಆಗುವುದಿಲ್ಲ.