ಎಡಗಡೆ ಸ್ಟೇರಿಂಗಿನ ಮಾವ

ಅವರ ಎಡ ಮೊಣಕೈ ಬಲ ಮೊಣಕೈಗಿಂತ ಕಪ್ಪಾಗಿತ್ತು. ನಮ್ಮ ಕಡೆ ಕಾರು ಓಡಿಸುವವರಿಗೆ ಬಲ ಮೊಣಕೈ ಕಪ್ಪಾಗುತ್ತದೆ. ಕಿಟಕಿಯ ಮೇಲಿಟ್ಟ ಕೈಯನ್ನು ತಾನೇ ಬಿಸಿಲು ಸುಡುವುದು. ಇವರದು ಉಲ್ಟಾ. ಇವರ ಕಾರಿನ ಸ್ಟೇರಿಂಗ್ ಎಡಗಡೆ ಇತ್ತು. ಮಿಕ್ಕ ಮೈಯೆಲ್ಲ ಮಗ್ಗದ ಮನೆಯ ನೆರಳಿನಲ್ಲಿ ಬೆಳೆದ ತೆಳು ಬಣ್ಣ, ಆ ಒಂದು ಮೊಣಕೈ ಮಾತ್ರ ಗದ್ದೆ ಕೆಲಸದವರದು.

ಕೊಳ್ಳೇಗಾಲದಲ್ಲಿ ಅವರದು ನಮ್ಮ ಎದುರುಮನೆ. ರಕ್ತಸಂಬಂಧ ಏನೂ ಇಲ್ಲ, ಆದರೂ ಬೀದಿಗೆಲ್ಲ ಮಾವ. ರೇಷ್ಮೆ ಸೀರೆ ನೇಯುವ ಮನೆತನ. ಬಾಯಿ ಜೋರು, ಕಾಫಿಗೆ ಸಕ್ಕರೆ ಜಾಸ್ತಿ, ಹೆಂಡತಿಗೆ ಹೆದರಿಕೆ. ಈ ಮೂರನ್ನೂ ಅವರೇ ಹೇಳಿಕೊಂಡು ನಗುತ್ತಿದ್ದರು.

ಕಾರಿನ ಹೆಸರು ಲಾರ್ಕ್. ಅಮೆರಿಕದ್ದು. ಅದರ ಚರಿತ್ರೆಯನ್ನು ಮಾವ ಹರಿಕಥೆಯ ಹಾಗೆ ಹೇಳುತ್ತಿದ್ದರು. ಮೊದಲು ಕುದುರೆ ಗಾಡಿ ಮಾಡುತ್ತಿದ್ದ ಅಣ್ಣತಮ್ಮಂದಿರು ಶುರು ಮಾಡಿದ ಕಂಪನಿಯಂತೆ. ಅಲ್ಲಿಯ ದೊಡ್ಡ ಕಂಪನಿಗಳೆಲ್ಲ ಹಡಗಿನಂಥ ಕಾರು ಮಾಡಿ, ಅದರ ಹಿಂಭಾಗಕ್ಕೆ ರೆಕ್ಕೆ ಬೇರೆ ಕಟ್ಟುತ್ತಿದ್ದ ಕಾಲದಲ್ಲಿ ಇವರ ಕೈ ಖಾಲಿಯಾಗಿತ್ತು. ಪೂರ್ತಿ ಹೊಸ ಕಾರು ಮಾಡುವ ಶಕ್ತಿ ಇರಲಿಲ್ಲ. ಇದ್ದ ದೊಡ್ಡ ಕಾರಿನ ಮೂತಿಯನ್ನೂ ಹಿಂಭಾಗವನ್ನೂ ಗಿಡ್ಡ ಮಾಡಿದರು, ನಡುವಿನದನ್ನು ಹಾಗೇ ಬಿಟ್ಟರು. ಹೊರಗಿಂದ ಪುಟ್ಟ ಕಾರು, ಒಳಗೆ ಮನೆಮಂದಿಯೆಲ್ಲ ಕೂರುವಷ್ಟು ಜಾಗ.

“ಸೀರೆ ಉದ್ದ ಆಯ್ತು ಅಂತ ಸೆರಗ ಕಮ್ಮಿ ಮಾಡವ್ರೆ, ಒಡಲು ಮುಟ್ಟಿಲ್ಲ ಕಣವ್ವಾ. ಬುದ್ವಂತ್ರು!” ಎನ್ನುತ್ತಿದ್ದರು ಮಾವ.

ಜನ ಮುಗಿಬಿದ್ದು ಕೊಂಡರಂತೆ. ಆದರೆ ಆ ಭಾಗ್ಯ ಒಂದೆರಡು ವರ್ಷದ್ದು. ದೊಡ್ಡವರೂ ಪುಟ್ಟ ಕಾರು ಮಾಡಲು ಇಳಿದ ಮೇಲೆ ಇವರನ್ನು ಕೇಳುವವರಿಲ್ಲ. ಇನ್ನು ಕೆಲವೇ ವರ್ಷಕ್ಕೆ ಲಾರ್ಕ್ ಎಂಬ ಹೆಸರೂ ಹೋಯಿತು, ಕಾರ್ಖಾನೆಯ ಬಾಗಿಲೂ ಮುಚ್ಚಿತು.

ಅಂಥ ಕಾರು ನಮ್ಮ ಬೀದಿಗೆ ಬಂದದ್ದು ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟದವರಿಂದ. ಮದುವೆ ಸೀರೆ ತೆಗೆಯಲು ಬಂದವರ ಕಾರು ಮಾವನ ಮನೆ ಮುಂದೆ ನಿಂತಿದ್ದು ಮತ್ತೆ ಹೊರಡಲಿಲ್ಲ. ಇದರ ಸಾಮಾನು ಇನ್ನು ಭೂಮಿಯ ಮೇಲೆ ಸಿಗುವುದಿಲ್ಲ, ನೀವೇ ಇಟ್ಟುಕೊಳ್ಳಿ ಎಂದು ಅವರು ಬಿಟ್ಟುಹೋದರು. ಮಾವ ಅದಕ್ಕೆ ಜೀಪಿನ ಕಾರ್ಬುರೇಟರ್, ಲಾರಿಯ ಡೈನಮೋ, ಯಾವುದೋ ಟ್ರಾಕ್ಟರಿನ ಹಾರನ್ನು ಸೇರಿಸಿ ಓಡಿಸಿಯೇ ಬಿಟ್ಟರು. ಮಗ್ಗದಲ್ಲಿ ಹಾಸು, ಅಂದರೆ ಉದ್ದದ ಎಳೆಗಳು, ಮುಗಿದಾಗ ನೇಕಾರ ಹಳೆಯ ಎಳೆಗಳನ್ನು ಪೂರ್ತಿ ಕಿತ್ತೆಸೆಯುವುದಿಲ್ಲ. ತುದಿ ಉಳಿಸಿಕೊಂಡು, ಒಂದೊಂದು ಹಳೆಯ ಎಳೆಗೂ ಒಂದೊಂದು ಹೊಸ ಎಳೆ ಹೊಸೆದು ಸೇರಿಸುತ್ತಾನೆ. ಹಳೆಯದನ್ನು ಎಳೆದರೆ ಹೊಸದು ತಾನಾಗಿ ಮಗ್ಗದೊಳಗೆ ಬರುತ್ತದೆ. ಮಾವ ಕಾರನ್ನೂ ಹಾಗೇ ನಡೆಸಿದರು. ಅಲ್ಲಿಂದಾಚೆಗೆ ನಮ್ಮ ಬೀದಿಯ ಮದುವಣಗಿತ್ತಿಯರೆಲ್ಲ ಛತ್ರಕ್ಕೆ ಹೋದದ್ದು, ಬಂದ ಸೊಸೆಯರೆಲ್ಲ ಮನೆ ತುಂಬಿದ್ದು ಲಾರ್ಕಿನಲ್ಲಿಯೇ. ಅದು ಬೀದಿಯ ಪದ್ಧತಿಯಾಯಿತು.

ನಾನೂ ಅದರಲ್ಲೇ ಹೋದೆ, ಹನೂರಿಗೆ. ವಾಪಸು ಬಂದದ್ದು ಮಾತ್ರ ಬಸ್ಸಿನಲ್ಲಿ, ಒಬ್ಬಳೇ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಗಾದೆ ಕಟ್ಟಿದವರಿಗೆ ಗಂಡನ ಕೈಯ ಏಟು ಗೊತ್ತಿತ್ತೋ ಇಲ್ಲವೋ. ಅಲ್ಲಿ ಏನಾಯಿತೆಂದು ನಾನು ಹೇಳಿದೆ, ಯಾರೂ ನಂಬಲಿಲ್ಲ. ‘ಒಂದ್ ಕೈಲಿ ಚಪ್ಪಾಳೆ ಆಯ್ತದಾ?’ ಎಂದರು. ಹೆತ್ತ ತಾಯಿಯೇ ‘ನೀನೂ ಒಸಿ ತಗ್ಗಿ ನಡೀಬೇಕಿತ್ತು’ ಎಂದಳು. ನಾನು ಬಾಗಿಲ ಹಿಂದೆ ಸೇರಿಕೊಂಡೆ.

ಒಂದು ಬೆಳಿಗ್ಗೆ ಮಾವ ನಮ್ಮ ಹೊಸ್ತಿಲ ಮೇಲೆ ನಿಂತು ಕೂಗಿದರು. “ಕೂಸೇ, ಬಾ ಇಲ್ಲಿ. ಹನೂರ್‌ಗೆ ಸೀರೆ ಕೊಟ್ಬುಟ್ಟು ಬರ್ಬೇಕು. ಬಲಗಡೆ ಕೂರಾಕೆ ಯಾರೂ ಇಲ್ಲ.”

ಹನೂರೆಂದರೆ ನಾನು ಏಟು ತಿಂದ ಊರು. ಆದರೂ ಹೋಗಿ ಕೂತೆ. ಎಡಗಡೆ ಸ್ಟೇರಿಂಗಿನ ಕಾರಿಗೆ ಒಂದು ಊನ. ಮುಂದಿನ ಲಾರಿಯನ್ನು ದಾಟಬೇಕಾದರೆ ಓಡಿಸುವವನಿಗೆ ಎದುರಿನ ರಸ್ತೆ ಕಾಣುವುದಿಲ್ಲ. ಬಲಗಡೆ ಕೂತವರೇ ನೋಡಿ ಹೇಳಬೇಕು. ಊರು ದಾಟಿದ ಮೇಲೆ ಒಂದು ಹುಲ್ಲಿನ ಲಾರಿ ಅಡ್ಡ ಸಿಕ್ಕಿತು.

“ನೋಡು ಕೂಸೇ, ಏನಾರ ಬತ್ತಾದಾ?”

ಕತ್ತು ಚಾಚಿ ನೋಡಿದೆ. “ಇಲ್ಲ ಮಾವ.”

“ಓಗ್ಲಾ?”

“ಹೋಗಿ.”

ಅವರು ಇನ್ನೊಮ್ಮೆ ಕೇಳಲಿಲ್ಲ. ಕಾಣದ ರಸ್ತೆಗೆ ಕಾರು ನುಗ್ಗಿಸಿದರು. ಲಾರಿ ದಾಟಿ ಈಚೆ ಬಂದಾಗ ನಾನು ಅಳುತ್ತಿದ್ದೆ. ನನ್ನ ಮಾತನ್ನು ಒಬ್ಬರು ನಂಬಿದ್ದರು, ಅದೂ ಪ್ರಾಣ ಒತ್ತೆಯಿಟ್ಟು. ಅವರು ನೋಡಿಯೂ ನೋಡದವರಂತೆ ಟ್ರಾಕ್ಟರ್ ಹಾರನ್ ಬಾರಿಸಿದರು.

ಆಮೇಲೆ ಸೀರೆ ಒಯ್ಯುವಾಗೆಲ್ಲ ನಾನೇ ಅವರ ಬಲಗಣ್ಣು. ಬರುಬರುತ್ತಾ ಸ್ಟೇರಿಂಗನ್ನೂ ನನ್ನ ಕೈಗೆ ಕೊಟ್ಟು ತಾವು ಬಲಗಡೆಗೆ ಸರಿದರು. ಗೇರು ತಪ್ಪಿದಾಗ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಲೈಸೆನ್ಸ್ ಬಂದ ದಿನ ಬೀದಿಗೆಲ್ಲ ಮೈಸೂರುಪಾಕು ಹಂಚಿದವರೂ ಅವರೇ.

ಅಷ್ಟರಲ್ಲಿ ಅವರ ಕಣ್ಣಿಗೆ ಮಂಜು ಕವಿಯಿತು. ಮೊಮ್ಮಗಳ ಮದುವೆ ಯಳಂದೂರಿನಲ್ಲಿ ಗೊತ್ತಾದಾಗ, ಹುಡುಗಿಯನ್ನು ಲಾರ್ಕಿನಲ್ಲಿ ಕರೆದೊಯ್ಯುವವರು ಯಾರು ಎಂಬ ಮಾತು ಬಂತು. ಮಾವ ನನ್ನ ಕಡೆ ಕೈ ತೋರಿಸಿದರು. ಮನೆಯ ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ಕೊನೆಗೆ ಅವರ ಹಿರಿ ಸೊಸೆ ಬಾಯಿ ಬಿಟ್ಟಳು. “ಗಂಡನ್ನ ಬುಟ್ಟು ಬಂದೋಳ ಕೈಲಿ ಮದ್ವೆ ಎಣ್ಣ ಕಳ್ಸದಾ ಮಾವ? ಶುಭ ಅಲ್ಲ ಕಣ್ರಿ.”

ನಾನು ಅಲ್ಲೇ ನಿಂತಿದ್ದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಾವ ಕಾಫಿ ಲೋಟ ಕೆಳಗಿಟ್ಟರು.

“ಸರಿ. ಈ ಕಾರ ಎತ್ತೋರೇ ಕೈ ಬುಟ್ಟವ್ರೆ, ಸಾಕ್ದೋರೂ ಬೀದೀಲಿ ಬುಟ್ಟೋದ್ರು. ಅಂಥಾದ್ರಲ್ಲಿ ನೀನು ಈ ಮನೆ ತುಂಬ್ದೆ. ನಿನ್ ನಾದಿನೀರೂ ಅದ್ರಲ್ಲೇ ಗಂಡನ್ ಮನೆಗೋದ್ರು. ನಿಂಗೇನಾಯ್ತವ್ವ ಅಶುಭ?”

ಅತ್ತೆ, ಅಂದರೆ ಮಾವನ ಹೆಂಡತಿ, ಒಳಗಿಂದ ಕುಂಕುಮದ ಬಟ್ಟಲು ತಂದು ಕಾರಿನ ಮೂತಿಗೂ ನನ್ನ ಹಣೆಗೂ ಒಂದೇ ಕೈಯಲ್ಲಿ ಇಟ್ಟರು.

ಯಳಂದೂರಿನ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರ್ ಮುಂದೆ ಸಿಕ್ಕಿತು. ಮುಹೂರ್ತ ಹತ್ತಿರವಾಗುತ್ತಿತ್ತು. ಅಭ್ಯಾಸಬಲದಿಂದ “ಮಾವ, ಹೋಗ್ಲಾ?” ಎಂದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಬಲಗಡೆ ಕೂತಿದ್ದ ಅವರು ಕಣ್ಣು ಕಿರಿದು ಮಾಡಿ ನೋಡಿದರು. “ಎಲ್ಲಾ ಬೆಳ್ಳಗೆ ಕಾಣ್ತದೆ ಕಣವ್ವಾ” ಎಂದರು. ಆ ಜೋರು ಬಾಯಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿದ್ದು ಆವತ್ತೊಂದೇ ದಿನ.

ಹಿಂದಿನ ಸೀಟಿನಲ್ಲಿ ಬಳೆ ಸದ್ದಾಯಿತು. ಮದುವೆಹೆಣ್ಣು ಮೊಗ್ಗಿನ ಜಡೆ ಕೆಡದಂತೆ ಹಿಡಿದುಕೊಂಡು ಬಲಗಿಟಕಿಯಿಂದ ತಲೆ ಹೊರಹಾಕಿದಳು.

“ಯಾರೂ ಇಲ್ಲ. ಓಗಕ್ಕ!”

ನಾನು ಹೋದೆ. ಟ್ರಾಕ್ಟರ್ ಹಿಂದೆ ಬಿದ್ದ ಮೇಲೆ ಮಾವ ಸೀಟಿಗೆ ಒರಗಿ, “ಇನ್ ನಾನು ನಿದ್ದೆ ಮಾಡ್ಬೌದು ಬುಡು” ಎಂದು ನಿಜವಾಗಿ ಗೊರಕೆ ಹೊಡೆದರು.

ಅವರು ಹೋದ ವರ್ಷ ತೀರಿಕೊಂಡರು. ಮಗ್ಗದ ಮುಂದೆ ಕೂತವರು ಹಾಗೇ ವಾಲಿದರಂತೆ. ಮಗ್ಗದಲ್ಲಿದ್ದ ಸೀರೆಯನ್ನು ಮಗ ನೇಯ್ದು ಮುಗಿಸಿದ. ಲಾರ್ಕ್ ಈಗಲೂ ಅವರ ಮನೆ ಪಕ್ಕದ ತಗಡಿನ ಕೆಳಗಿದೆ. ಮದುವೆ ಇದ್ದರೆ ಬೀದಿಯವರು ಬಂದು ನನ್ನನ್ನೇ ಕರೆಯುತ್ತಾರೆ, ಆ ಹಿರಿ ಸೊಸೆಯೂ ಸೇರಿ.

ಮಿಕ್ಕ ದಿನಗಳಲ್ಲಿ ನಾನು ಹೆಂಗಸರಿಗೆ ಡ್ರೈವಿಂಗ್ ಹೇಳಿಕೊಡುತ್ತೇನೆ. ಅದು ಎಲ್ಲರ ಹಾಗೆ ಬಲಗಡೆ ಸ್ಟೇರಿಂಗಿನ ಕಾರು. ಕಲಿಯುವವಳು ಬಲಗಡೆ, ನಾನು ಎಡಗಡೆ. ಮುಂದೆ ಲಾರಿ ಸಿಕ್ಕಾಗ ಪ್ರತಿಯೊಬ್ಬಳೂ “ಓಗ್ಲಾ ಅಕ್ಕ?” ಎಂದು ಕೇಳುತ್ತಾಳೆ. ನನಗೆ ಕಾಣುವುದಿಲ್ಲ, ನೀನೇ ನೋಡಿ ಹೇಳು ಅನ್ನುತ್ತೇನೆ. ಅವಳು ಖಾಲಿ ಇದೆ ಎಂದರೆ ನಾನು ಇನ್ನೊಮ್ಮೆ ಕೇಳುವುದಿಲ್ಲ. ಎದೆ ಡವಗುಟ್ಟುತ್ತದೆ, ಆದರೂ ಕೇಳುವುದಿಲ್ಲ. ಆವತ್ತು ಮಾವನ ಎದೆಯೂ ಹೀಗೇ ಹೊಡೆದುಕೊಂಡಿತ್ತೆಂದು ಈಗ ಗೊತ್ತು.

ಮೊನ್ನೆ ಅಮ್ಮ ಊಟಕ್ಕೆ ಬಡಿಸುತ್ತಾ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು. “ಇದೇನವ್ವಾ, ಎಡ ಮೊಣಕೈ ಇಂಗ್ ಕಪ್ಪಾಗದೆ? ಬಿಸ್ಲಿಗೆ ಸೆರಗಾರ ಒದ್ಕಬಾರ್ದಾ?”

ಇರಲಿ ಬಿಡಮ್ಮ ಎಂದೆ.