ಗಿರಣಿ ಅಕ್ಕನ ವಾರ್ಡ್ ಸಭೆ

ಅವರ ಎಡಹುಬ್ಬು ಬೆಳ್ಳಗಿರುತ್ತಿತ್ತು, ಬಲಹುಬ್ಬು ಕಪ್ಪು. ಗಿರಣಿಯಲ್ಲಿ ಹಿಟ್ಟು ಬೀಳುವ ಬಾಯಿಗೆ ಎಡಮಗ್ಗುಲಾಗಿ ನಿಂತು ರೂಢಿಯಾಗಿದ್ದರಿಂದ ಜೋಳ, ಗೋದಿ, ಕಡ್ಲಿ ಏನು ಬೀಸಿದರೂ ಧೂಳೆಲ್ಲ ಆ ಕಡೆಗೇ ಹತ್ತುತ್ತಿತ್ತು. ನಮ್ಮ ಪಟ್ಟಣ ಪಂಚಾಯಿತಿಯ ಸಭಾಭವನದಲ್ಲಿ ಹಳೆಯ ಸದಸ್ಯರ ಗುಂಪು ಫೋಟೊ ಒಂದಿದೆ. ಎಲ್ಲರೂ ಇಸ್ತ್ರಿ ಮುರಿಯದ ಬಟ್ಟೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಅವರ ನಡುವೆ ಒಂದೇ ಹುಬ್ಬು ಬೆಳ್ಳಗಿರುವ ಒಬ್ಬ ಹೆಣ್ಣುಮಗಳು. ಫೋಟೊ ತೆಗೆದವನು ಅದನ್ನು ಕಂಪ್ಯೂಟರಿನಲ್ಲಿ ತಿದ್ದುತ್ತೇನೆ ಎಂದನಂತೆ. "ಇರಲಿ ಬಿಡೋ, ಕರ್ರಗ ಮಾಡಿದ್ರ ನಮ್ಮ ಓಣ್ಯಾಗಿನವರಿಗೆ ನನ್ನ ಗುರ್ತ ಹತ್ತೂದಿಲ್ಲ" ಎಂದರಂತೆ ಇವರು.

ಹಾನಗಲ್ಲಿನಿಂದ ಹಿರೇಕೆರೂರಿಗೆ ಹೋಗುವ ಬಸ್ಸುಗಳು ಚಹಾಕ್ಕೆಂದು ನಿಲ್ಲುವ ಸಣ್ಣ ಊರು ನಮ್ಮದು. ನಮ್ಮ ಓಣಿ ಇಳಿಜಾರಿನದು. ಅದರ ನಡುಮಧ್ಯ ಅವರ ಹಿಟ್ಟಿನ ಗಿರಣಿ, ತಳದಲ್ಲಿ ನಾನೂ ಅವ್ವನೂ ಇರುವ ಮನೆ. ಹಂಸಭಾವಿಯಿಂದ ಸೊಸೆಯಾಗಿ ಬಂದ ಅವರಿಗೆ ಗಿರಣಿಯ ಹಿಂದಿನ ಎರಡು ಕೋಣೆಯೇ ಮನೆ. ಗಂಡ ಬೇಗ ತೀರಿಕೊಂಡ ಮೇಲೆ ಸವೆದ ಬೀಸುಕಲ್ಲಿಗೆ ಹಲ್ಲು ಕುಟ್ಟುವುದು, ಬೆಲ್ಟ್ ಏರಿಸುವುದು, ಕೆಟ್ಟ ಮೋಟರನ್ನು ಶಿಗ್ಗಾವಿಗೆ ಒಯ್ದು ತರುವುದು ಎಲ್ಲ ಅವರ ಪಾಲಿಗೇ ಬಂತು. ಓಣಿಯ ಸಣ್ಣವರು ದೊಡ್ಡವರೆಲ್ಲ ಅವರನ್ನು ಗಿರಣಿ ಅಕ್ಕ ಎಂದೇ ಕರೆಯುತ್ತಿದ್ದರು.

ಅವರು ಮೆಂಬರ್ ಆಗಿದ್ದು ಒಂದು ತಮಾಷೆ. ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾದಾಗ ಓಣಿಯ ಒಬ್ಬ ಮುಖಂಡರು ತಮ್ಮ ಹೆಂಡತಿಯನ್ನು ನಿಲ್ಲಿಸಿದರು. ಹೆಂಡತಿಯ ಅರ್ಜಿಗೆ ಏನಾದರೂ ಆದರೆ ಇರಲಿ ಎಂದು ಇವರಿಂದಲೂ ಒಂದು ಡಮ್ಮಿ ಅರ್ಜಿ ಹಾಕಿಸಿದರು. ಆಮೇಲೆ ವಾಪಸ್ ತೆಗೆದುಕೊಂಡರಾಯಿತು ಎಂಬ ಲೆಕ್ಕ. ಆದರೆ ಹೆಂಡತಿಯ ಅರ್ಜಿಯಲ್ಲಿ ಒಂದು ಸಹಿ ಬಿಟ್ಟುಹೋಗಿ ಅದು ತಿರಸ್ಕೃತವಾಯಿತು. ಮುಖಂಡರ ಭಯಕ್ಕೆ ಬೇರೆ ಯಾರೂ ನಿಂತಿರಲಿಲ್ಲ. ಡಮ್ಮಿಯೇ ಅವಿರೋಧವಾಗಿ ಆರಿಸಿ ಬಂದರು.

ಮುಖಂಡರು ಅಂದೇ ಸಂಜೆ ಗಿರಣಿಗೆ ಬಂದರು. ಹಿಟ್ಟಿಗೆ ಬಂದ ಹೆಣ್ಣುಮಕ್ಕಳ ಎದುರಿಗೇ, "ಅಕ್ಕಾರ, ಹೆಸರ ನಿಮ್ಮದ ಇರಲಿ, ಕೆಲಸ ನಾ ನೋಡ್ಕೋತೇನಿ" ಎಂದರು. ಇವರು ಮೋಟರ್ ಬಂದ್ ಮಾಡಿ, ಬಾಗಿಲ ಮೇಲಿನ ಬೋರ್ಡಿನತ್ತ ಕೈ ತೋರಿಸಿದರು. "ಅಲ್ಲಿ ಹೆಸರ ನನ್ನ ಗಂಡಂದೈತ್ರಿ, ಬೀಸಾಕಿ ನಾನು. ಹೆಸರ ಒಬ್ಬರದು ಕೆಲಸ ಒಬ್ಬರದು ಅಂದ್ರ ಹೆಂಗಿರ್ತೈತಿ ಅಂತ ನನಗ ಗೊತ್ತೈತಿ. ಬ್ಯಾಡ್ರಿ." ನಾನು ಅಂದು ಗೋದಿ ಬೀಸಿಸಲು ಹೋಗಿದ್ದೆ. ಮುಖಂಡರು ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ತಿರುಗಿ ಹೋದದ್ದನ್ನು ಕಣ್ಣಾರೆ ನೋಡಿದೆ.

ನನ್ನದು ಸ್ವಲ್ಪ ಕೆಟ್ಟ ಕುತೂಹಲ. ಬಸ್ಸಿನಲ್ಲಿ ಪಕ್ಕದವರ ಫೋನಿನ ಜಗಳ ಮುಗಿಯಲಿಲ್ಲವೆಂದು ನನ್ನ ಸ್ಟಾಪು ಬಿಟ್ಟು ಮುಂದೆ ಹೋದವಳು ನಾನು. ಕನ್ನಡ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಮಕ್ಕಳಿಗೆ ಸ್ಥಳೀಯ ಸರ್ಕಾರದ ಪಾಠ ಮಾಡುತ್ತಿದ್ದೆನೇ ಹೊರತು ಪಂಚಾಯಿತಿ ಸಭೆಯನ್ನು ಒಮ್ಮೆಯೂ ನೋಡಿರಲಿಲ್ಲ. ಒಳಗೆ ಏನು ಮಾತಾಡುತ್ತಾರೆ, ಯಾರು ಎದ್ದು ನಿಲ್ಲುತ್ತಾರೆ, ಚಹಾ ಯಾವಾಗ ಬರುತ್ತದೆ ಎಂದೆಲ್ಲ ಇವರನ್ನು ಪೀಡಿಸುತ್ತಿದ್ದೆ. "ನನ್ಯಾಕ ಕೇಳ್ತೀ, ಬಂದ ನೋಡು. ಹಿಂದಿನ ಬೆಂಚ ಮಂದೀ ಸಲುವಾಗೇ ಹಾಕ್ಯಾರ, ದಿನಾ ಖಾಲೀನ ಇರ್ತೈತಿ" ಎಂದರು. ಹಾಗೆ ರಜೆ ಇದ್ದಾಗಲೆಲ್ಲ ಆ ಬೆಂಚಿನ ಮೇಲೆ ಕೂತೆ. ಬಹಳ ಸಲ ನಾನೊಬ್ಬಳೇ ಊರಿನ ಮಂದಿ.

ಗಿರಣಿಯ ಗದ್ದಲದ ಮೇಲೆ ಕೂಗಿ ಕೂಗಿ ಅವರ ದನಿ ಅದೇ ಎತ್ತರಕ್ಕೆ ನಿಂತುಬಿಟ್ಟಿತ್ತು. ಮೊದಲ ಸಭೆಯಲ್ಲಿ ಅವರು ಬಾಯಿ ತೆರೆದಾಗ ಪಕ್ಕದ ಸದಸ್ಯರು ಕುರ್ಚಿ ಸರಿಸಿಕೊಂಡರು. ಇನ್ನೊಂದು ಅಭ್ಯಾಸವೂ ಅಲ್ಲಿಗೆ ಬಂತು. ಬೀಸಿದ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ನುಣ್ಣಗಿಲ್ಲದಿದ್ದರೆ "ತರಿ ಐತಿ" ಎಂದು ಮತ್ತೊಮ್ಮೆ ಹಾಯಿಸುವವರು ಅವರು. ಸಭೆಯಲ್ಲಿ ಅಧಿಕಾರಿಗಳು, "ಪರಿಶೀಲನೆಯಲ್ಲಿದೆ, ಕ್ರಮ ವಹಿಸಲಾಗುವುದು" ಎಂದಾಗ ಇವರ ಬೆರಳುಗಳು ತಾವಾಗಿಯೇ ತಿಕ್ಕಿಕೊಳ್ಳುತ್ತಿದ್ದವು. "ಇನ್ನಾ ತರಿ ಐತ್ರಿ ಸಾಹೇಬ್ರ, ಇನ್ನೊಮ್ಮೆ ಹಾಯಿಸ್ರಿ." ಮೊದಲು ನಕ್ಕ ಅಧಿಕಾರಿಗಳು ಬರಬರುತ್ತ ಇವರ ಬೆರಳು ಅಲುಗಾಡಿದರೇ ಸಾಕು, ತಾರೀಖು ಹೇಳಿಬಿಡುತ್ತಿದ್ದರು.

ಆದರೆ ನನಗೆ ಹೆಚ್ಚು ಸೋಜಿಗ ಎನಿಸಿದ್ದು ಗಿರಣಿಯಲ್ಲಿ ನಡೆಯುತ್ತಿದ್ದ ಸಭೆ. ನಮ್ಮ ಕಡೆ ಗಿರಣಿಯಲ್ಲಿ ಯಾರೂ ಪಾಳಿ ಹಚ್ಚಿ ನಿಲ್ಲುವುದಿಲ್ಲ. ಡಬ್ಬಿ ಇಟ್ಟು ಮನೆಗೆ ಹೋಗುತ್ತಾರೆ. ಡಬ್ಬಿ ಇಟ್ಟರೆ ಆಳು ನಿಂತ ಹಾಗೆ. ಹಿಂದಿನವರು ಅದನ್ನು ಕಾಲಿನಿಂದ ಮುಂದೆ ಸರಿಸುತ್ತಾರೆ, ದಾಟಿಸಿ ಹೋಗುವುದಿಲ್ಲ. ಹೀಗೆ ಹಾಕುವವರು ಒಯ್ಯುವವರು ಸೇರಿ ಓಣಿಯ ಅರ್ಧ ಹೆಣ್ಣುಮಕ್ಕಳು ಅಲ್ಲಿರುವ ಹೊತ್ತು ನೋಡಿ ಅಕ್ಕ ಮೋಟರ್ ಬಂದ್ ಮಾಡುತ್ತಿದ್ದರು. "ಕಂಬದ ಲೈಟ್ ಮೊದಲು ಹಾಕಸೂನೋ, ನಳಾ ರಿಪೇರಿ ಮಾಡಸೂನೋ, ಹೇಳ್ರಿ." ಸವಣೂರಿನಿಂದ ನಮ್ಮ ಓಣಿಗೆ ಲಗ್ನವಾಗಿ ಬಂದ ಚಾಚಿಯೊಬ್ಬರು, "ಲೈಟೇ ಡಾಲ್ ಅಕ್ಕಾ, ಮೊದ್ಲ ಲೈಟ ಹಾಕಸು, ಸಂಜಿಗೆ ಹೆಣ್ಣ ಹುಡುಗ್ರು ಟ್ಯೂಷನ್‌ದಿಂದ ಬರ್ತಾವ" ಎನ್ನುತ್ತಿದ್ದರು. ಬಹಳ ಮಂದಿ ಹೇಳಿದ್ದನ್ನು ಅಕ್ಕ ಸಭೆಗೆ ಒಯ್ದು ಹಾಗೆಯೇ ಒಪ್ಪಿಸುತ್ತಿದ್ದರು, ತಮ್ಮದೊಂದು ಮಾತು ಸೇರಿಸುತ್ತಿರಲಿಲ್ಲ.

ಇಷ್ಟೆಲ್ಲ ಸರಿಯಾಗಿ ನಡೆದಿರುವಾಗ ಗಟಾರದ ವಿಷಯ ಬಂತು. ಮಳೆಗಾಲದಲ್ಲಿ ಇಡೀ ಓಣಿಯ ಹೊಲಸು ನೀರು ಇಳಿದು ಬಂದು ತಳದ ಮನೆಗಳಿಗೆ ನುಗ್ಗುತ್ತಿತ್ತು. ಎಲ್ಲಕ್ಕಿಂತ ತಗ್ಗಿನಲ್ಲಿದ್ದದ್ದು ನಮ್ಮ ಮನೆ. ಜೋರು ಮಳೆ ಬಂದರೆ ಅವ್ವ ಹಾಸಿಗೆಯನ್ನು ಟ್ರಂಕಿನ ಮೇಲೆ ಏರಿಸಿ, ಪಡಸಾಲೆಯಲ್ಲಿ ಸೀರೆ ಎತ್ತಿ ಕಟ್ಟಿ, ಮಗಿಯಿಂದ ನೀರು ಗೋರಿ ಹಾಕುತ್ತಿದ್ದಳು. ಆ ನಾತ ದೀಪಾವಳಿಯವರೆಗೂ ಹೋಗುತ್ತಿರಲಿಲ್ಲ. ಈಗ ಗಟಾರ ಮಂಜೂರಾಗಿತ್ತು. ಎಂಜಿನಿಯರರು ಬಂದು ಎರಡು ದಾರಿ ತೋರಿಸಿದರು. ನಮ್ಮ ಬದಿಗೆ ಬಂದರೆ ತಳದ ಮನೆಗಳು ಉಳಿಯುತ್ತವೆ, ಆದರೆ ಗಿರಣಿಯ ಮುಂದಿನ ಕಟ್ಟೆ ಮತ್ತು ತಗಡಿನ ಶೆಡ್ಡು ಹೋಗುತ್ತವೆ. ಎದುರು ಬದಿಗೆ ಹೋದರೆ ಗಿರಣಿ ಉಳಿಯುತ್ತದೆ, ನಮ್ಮ ನೀರು ನಮಗೇ. ವಾರ್ಡಿನ ಮೆಂಬರ್ ಏನು ಹೇಳುತ್ತಾರೋ ಹಾಗೆ ಎಂದು ಸಭೆ ಅದನ್ನು ಅಕ್ಕನಿಗೇ ಬಿಟ್ಟಿತು.

ಆ ಶೆಡ್ಡಿನಲ್ಲಿದ್ದದ್ದು ಖಾರ ಕುಟ್ಟುವ ಯಂತ್ರ. ಬೇಸಿಗೆಯಲ್ಲಿ ಮೆಣಸಿನಕಾಯಿ ಹೊತ್ತು ಸುತ್ತಲಿನ ಹಳ್ಳಿಗಳವರು ಬರುತ್ತಿದ್ದರು. ಹಿಟ್ಟಿನ ಗಿರಣಿ ಅವರಿಗೆ ಊಟ ಹಾಕಿದರೆ ಖಾರದ ಯಂತ್ರ ಮಗಳ ಲಗ್ನ ಮಾಡಿತ್ತು. ಯಂತ್ರವನ್ನು ಒಳಗೆ ಇಡಲು ಜಾಗವಿರಲಿಲ್ಲ. ಇದು ಓಣಿಗೆಲ್ಲ ಗೊತ್ತಿತ್ತು.

ಅಕ್ಕ ಎಂದಿನಂತೆ ಮೋಟರ್ ಬಂದ್ ಮಾಡಿ ಕೇಳಿದರು. ಎಲ್ಲರೂ ಒಂದೇ ದನಿಯಲ್ಲಿ, "ನಿನ್ನ ಕಟ್ಟಿ ಒಡದು ನಮಗ ಗಟಾರ ಬ್ಯಾಡ ತಗೊ" ಎಂದರು. ಚಾಚಿಯ ಮನೆಗೂ ನೀರು ನುಗ್ಗುತ್ತಿತ್ತು; ಅವರೂ ಬೇಡ ಎಂದರು. ಅಕ್ಕನ ಬೆರಳು ತಿಕ್ಕಿಕೊಂಡವು. "ತರಿ ಐತಿ. ಹಿಂಗ ಮಾಡ್ರಿ, ಗಟಾರ ನಮ್ಮ ಬಾಜೂಕ ಬರಲಿ ಅನ್ನಾವ್ರು ಡಬ್ಬಿ ಎಡಕ್ಕ ಇಡ್ರಿ, ಬ್ಯಾಡ ಅನ್ನಾವ್ರು ಬಲಕ್ಕ. ನಾ ಒಳಗ ಹೋಗಿ ಚಾ ಮಾಡ್ಕೊಂಡ ಬರ್ತೇನಿ" ಎಂದು ಹೋಗಿಬಿಟ್ಟರು.

ಗುಪ್ತ ಮತದಾನ ಎಂದರೆ ಇದು ನೋಡಿ. ಓಣಿಯ ಒಂದೊಂದು ಡಬ್ಬಿಯ ನೆಗ್ಗು, ಕಿಲುಬು, ಮುಚ್ಚಳ ಅವರಿಗೆ ಬಾಯಿಪಾಠ. ಯಾವ ಡಬ್ಬಿ ಯಾರದೆಂದು ಕಣ್ಣು ಮುಚ್ಚಿ ಮುಟ್ಟಿ ಹೇಳುವವರು. ಅದು ಇಟ್ಟವರಿಗೂ ಗೊತ್ತಿತ್ತು. ಡಬ್ಬಿಗಳೆಲ್ಲ ಸರಸರ ಬಲಕ್ಕೆ ಸರಿದವು. ನನ್ನ ಅವ್ವ ಮಾತ್ರ ತಂತಿ ಹಿಡಿಕೆಯ ನಮ್ಮ ಎಣ್ಣೆ ಡಬ್ಬಿಯನ್ನು ಎಳೆದು ಎಡಕ್ಕೆ ಒಂಟಿಯಾಗಿ ಇಟ್ಟಳು. ನಾನು ಸೆರಗು ಜಗ್ಗಿದೆ. "ಕೇಳ್ಯಾಳಲ್ಲವಾ ಅಕಿ. ಕೇಳಿದ ಮ್ಯಾಲೆ ಹೇಳಬೇಕು" ಎಂದಳು. ಅವ್ವ ದಿನಕ್ಕೆ ಆಡುವ ಮಾತು ಅಷ್ಟೇ ಇದ್ದೀತು.

ಅಕ್ಕ ಚಹಾ ಹಿಡಿದು ಬಂದು ಎರಡೂ ಕಡೆ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಏನಾದರೂ ತಿಳಿದೀತು ಎಂದು. ಏನೂ ತಿಳಿಯಲಿಲ್ಲ. ಚಹಾ ಹಂಚಿ, ಮೋಟರ್ ಹಚ್ಚಿ, ಪಾಳಿ ಪ್ರಕಾರ ಬೀಸಿದರು. ನಮ್ಮದು ಬಂದಾಗ ಹಿಟ್ಟು ತಿಕ್ಕಿ ನೋಡಿ, ಮತ್ತೊಮ್ಮೆ ಹಾಯಿಸಿಯೇ ಕೊಟ್ಟರು.

ಓಣಿ ಮಾತ್ರ ಸುಮ್ಮನಿರಲಿಲ್ಲ. ಉಂಡ ಮನಿ ಜಂತಿ ಎಣಿಸಿದ್ಲು ಎಂದು ನಳದ ಹತ್ತಿರ ಅವ್ವನಿಗೆ ಕೇಳುವ ಹಾಗೆಯೇ ಅಂದರು. ಅಪ್ಪ ಸತ್ತ ವರ್ಷ ಅಕ್ಕ ಎಷ್ಟೋ ಸಲ ನಮಗೆ ಪುಕ್ಕಟೆ ಬೀಸಿ ಕೊಟ್ಟಿದ್ದು ಎಲ್ಲರಿಗೂ ನೆನಪಿತ್ತು. ಅವ್ವನಿಗೂ ನೆನಪಿತ್ತು. ಅವಳು ಕೊಡ ತುಂಬಿಸಿಕೊಂಡು ಬಂದು ಅಡುಗೆಮನೆಯಲ್ಲಿ ಅತ್ತಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಸಭೆಯ ದಿನ ನಾನು ಹಿಂದಿನ ಬೆಂಚಿನಲ್ಲಿದ್ದೆ. ಗಟಾರದ ವಿಷಯ ಬಂದಾಗ ಅಕ್ಕ ಎದ್ದು, "ನಮ್ಮ ಬಾಜೂಕ ಬರಲಿ, ಕಟ್ಟಿ ಒಡೀರಿ" ಎಂದರು. ಅಧ್ಯಕ್ಷರಿಗೆ ಅವರ ಪದ್ಧತಿ ಗೊತ್ತಿತ್ತು. "ಅಕ್ಕಾರ, ಮಂದಿ ಏನಂದ್ರು?" ಎಂದು ಕೇಳಿದರು. "ಮಂದಿ ಬ್ಯಾಡ ಅಂದಾರ್ರಿ. ಹಂಗ ಬರಕೋರಿ. ಮಂದಿ ಬ್ಯಾಡ ಅಂದ್ರು, ಮೆಂಬರ ಬೇಕ ಅಂದ್ಲು ಅಂತ." ಅಧ್ಯಕ್ಷರು ಹಾಗೆಯೇ ಬರೆಸಿದರು.

ಮನೆಗೆ ನಡೆಯುವಾಗ ನನಗೆ ತಡೆಯಲಾಗಲಿಲ್ಲ. "ಎಲ್ಲಾರೂ ಬ್ಯಾಡ ಅಂದಿದ್ರಲ್ಲ ಅಕ್ಕಾರ. ಅವರ ಮಾತ ಮೀರೂದಿದ್ರ ಕೇಳಿದ್ದಾದ್ರೂ ಯಾಕ?"

ಎಲೆ ಅಡಿಕೆ ಅಂಗಡಿ ದಾಟಿದ ಮೇಲೆ ಅಕ್ಕ ಹೇಳಿದರು: "ಎಲ್ಲಾರೂ ನನ್ನ ಮಾರಿ ನೋಡಿ ಇಟ್ರು. ನಿಮ್ಮವ್ವ ಗಟಾರ ನೋಡಿ ಇಟ್ಲು. ನಾ ಕೇಳಿದ್ದು ಗಟಾರದ ಮಾತು."

ಇದು ನ್ಯಾಯವೋ ಅಲ್ಲವೋ ಎಂದು ನಾನು ಇಂದಿಗೂ ನನ್ನೊಳಗೇ ವಾದ ಮಾಡುತ್ತೇನೆ. ಎಲ್ಲರ ಮಾತು ಬಿಟ್ಟು ಒಬ್ಬರ ಮಾತು ಹಿಡಿಯುವ ಮೆಂಬರರು ಊರಿಗೊಬ್ಬರಾದರೆ ಕಷ್ಟ. ಮಕ್ಕಳಿಗೆ ಪಾಠ ಮಾಡುವಾಗ ಈ ಕಥೆ ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತೇನೆ. ಪ್ರತಿ ವರ್ಷ ಜಗಳವಾಗುತ್ತದೆ. ಆದರೆ ಅವರು ಮೀರಿದ್ದು ತಮ್ಮ ಲಾಭಕ್ಕಲ್ಲ ಎಂಬುದನ್ನು ಯಾವ ಹುಡುಗಿಯಾದರೂ ಎದ್ದು ಹೇಳಿಯೇ ಹೇಳುತ್ತಾಳೆ.

ಶೆಡ್ಡು ಹೋಯಿತು, ಕಟ್ಟೆ ಹೋಯಿತು. ಖಾರದ ಯಂತ್ರವನ್ನು ಅಕ್ಕಿಆಲೂರಿನವರೊಬ್ಬರು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರು. ಅಂದು ಅಕ್ಕ ಗಿರಣಿ ಹಚ್ಚಲಿಲ್ಲ. ಮುಂದಿನ ಚುನಾವಣೆಯಲ್ಲಿ ನಿಂತು ಸೋತರು. ಅವರಿಗಾಗಿ ಡಬ್ಬಿ ಬಲಕ್ಕೆ ಇಟ್ಟವರಿಗೇ, ನಮ್ಮ ಮಾತಿಗೆ ಬೆಲೆ ಕೊಡಲಿಲ್ಲ ಎಂಬ ಮುನಿಸು. "ಕುರ್ಚಿ ಹೋತು, ಬೀಸೂ ಕಲ್ಲ ಹೋಗಿಲ್ಲಲ" ಎಂದು ಅಕ್ಕ ನಕ್ಕರು. ಅವ್ವ ಅವರ ಮುಖ ನೋಡಿ ಮಾತಾಡಲು ಬಹಳ ದಿನ ಹಿಡಿಯಿತು. ಒಮ್ಮೆ ಹಿಟ್ಟಿಗೆ ಹೋದಾಗ, "ನನ್ನಿಂದ ನಿನಗ ಲುಕ್ಸಾನಾತು" ಎಂದಳಂತೆ. "ನೀ ಒಬ್ಬಾಕಿ ನಾ ಕೇಳಿದ್ದಕ್ಕ ಉತ್ತರಾ ಕೊಟ್ಟಿ. ಸುಮ್ಮನ ಡಬ್ಬಿ ಹಿಡಿ" ಎಂದರಂತೆ ಅಕ್ಕ.

ಹೋದ ಶ್ರಾವಣದಲ್ಲಿ ಗಿರಣಿಯೊಳಗೇ ಕುಸಿದು ಕೂತ ಅಕ್ಕ ಮತ್ತೆ ಏಳಲಿಲ್ಲ. ಬೆಳಗಿನಿಂದ ಜಡಿಮಳೆ. ನಮ್ಮವರಲ್ಲಿ ತೀರಿಕೊಂಡವರನ್ನು ಮನೆಯ ಮುಂದೆ ಗೋಡೆಗೆ ಒರಗಿಸಿ ಕೂಡಿಸುತ್ತಾರೆ, ಬಂದವರು ನೋಡಿ ಹೂವು ಹಾಕಲೆಂದು. ಅವರ ಮನೆಗೆ ಮುಂದೆ ಎಂಬುದೇ ಇರಲಿಲ್ಲ. ಹೊಸ್ತಿಲು ದಾಟಿದರೆ ಗಟಾರ, ಒಳಗೆ ಯಂತ್ರ, ಹಿಂದಿನ ಕೋಣೆಗಳು ಇಕ್ಕಟ್ಟು. ಹಿರೇಕೆರೂರಿನಿಂದ ಬಂದ ಮಗಳು ಹೊಸ್ತಿಲಿಗೆ ತಂದಿದ್ದ ತಾಯಿಯ ತಲೆಯ ಮೇಲೆ ಛತ್ರಿ ಹಿಡಿದು, ಎಲ್ಲಿ ಕೂಡಿಸಲಿ ಎಂದು ಎಲ್ಲರ ಮುಖ ನೋಡುತ್ತಿದ್ದಳು.

"ನಮ್ಮ ಪಡಸಾಲ್ಯಾಗ ಕುಂದ್ರಸ್ರಿ" ಎಂದಳು ಅವ್ವ.

ಒಬ್ಬರ ಮನೆಯ ಹೆಣವನ್ನು ಇನ್ನೊಬ್ಬರು ಹೊಸ್ತಿಲೊಳಗೆ ಬಿಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಓಣಿಯ ಹಿರಿಯರೊಬ್ಬರು ಅವಳ ಹಿಂದೆಯೇ ಬಂದು, "ಮಂದಿ ಹೆಣ ಮನ್ಯಾಗ ತರಬಾರದವಾ, ಮನಿಗೆ ಒಳ್ಳೇದಲ್ಲ" ಎಂದರು. ಅವ್ವ ಅಷ್ಟರಲ್ಲೇ ಮನೆಗೆ ಬಂದು ಎರಡೂ ಬಾಗಿಲು ತೆರೆದು ಚಾಪೆ ಹಾಸುತ್ತಿದ್ದಳು. "ಮಂದಿ ಅಲ್ರಿ ಅಕಿ. ಈ ನೆಲಾ ಒಣಾ ಇಟ್ಟಾಕಿನ ಅಕಿ. ತರ್ರಿ ಇಲ್ಲೆ" ಎಂದಳು.

ನಾಲ್ಕು ಜನ ಎತ್ತಿ ತಂದು ನಮ್ಮ ಗೋಡೆಗೆ ಒರಗಿಸಿ ಕೂಡಿಸಿದರು. ಸಂಜೆಯವರೆಗೂ ಮಳೆ ಸುರಿಯಿತು. ಅವರ ಸೀರೆಯ ಅಂಚು ಕೂಡ ತೋಯಲಿಲ್ಲ.