ಬಾರಿಂಗೋ ದ್ವೀಪದ ಹಬೆ ಮತ್ತು ಅತ್ತೆಯ ಮಂಡಿ

ಅತ್ತೆಯ ಮಂಡಿ ಪೂರ್ತಿ ಸವೆದಿದೆ, ಆಪರೇಷನ್ ಮಾಡಿ ಬದಲಾಯಿಸಬೇಕು ಎಂದು ಮೂಳೆ ಡಾಕ್ಟರು ಹೇಳಿದಾಗ ಅತ್ತೆ "ಆಗಲಿ, ನೋಡೋಣ" ಎಂದರು. ನಮ್ಮ ಮನೆಯಲ್ಲಿ ಹಾಗೆಂದರೆ ಆಗುವುದಿಲ್ಲ ಎಂದರ್ಥ. ಡಾಕ್ಟರು ಹುಬ್ಬಳ್ಳಿಯವರು, ನೈರೋಬಿಗೆ ಬಂದು ಎಷ್ಟೋ ವರ್ಷವಾಗಿದೆ. ಎಲ್ಲವನ್ನೂ ಕನ್ನಡದಲ್ಲೇ ಬಿಡಿಸಿ ಹೇಳಿದ್ದರು. ಹಾಗಾಗಿ ಇಂಗ್ಲಿಷು ಅರ್ಥವಾಗಲಿಲ್ಲ ಎಂಬ ನೆಪ ಅತ್ತೆಗೆ ಸಿಗಲಿಲ್ಲ.

ಬೇರೆ ನೆಪ ಭಾನುವಾರದ ಭಜನೆಯಲ್ಲಿ ಸಿಕ್ಕಿತು. ಬಾರಿಂಗೋ ಸರೋವರದ ನಡುವೆ ಜ್ವಾಲಾಮುಖಿಯಿಂದ ಎದ್ದ ದ್ವೀಪವೊಂದಿದೆ, ಅಲ್ಲಿ ನೆಲದೊಳಗಿಂದ ಬಿಸಿನೀರು, ಹಬೆ ಬರುತ್ತದೆ, ಸ್ವಲ್ಪ ಹೊತ್ತು ಕೂತರೆ ಕೀಲುನೋವು ಮಾಯ ಎಂದು ಒಬ್ಬರು ಹೇಳಿದರು. ಹೇಳಿದವರು ಅಲ್ಲಿಗೆ ಹೋಗಿರಲಿಲ್ಲ. ಅವರ ಮಂಡಿ ಚೆನ್ನಾಗಿತ್ತು.

"ಅಮ್ಮ, ಮನೆಯಲ್ಲೇ ಗೀಸರ್ ಇದೆಯಲ್ಲ," ಎಂದರು ನನ್ನ ಗಂಡ. ಅವರು ನಗರದ ನಡುವಿನ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಾರೆ.

"ಗೀಸರ್ ನೀರು ಭೂಮಿಯೊಳಗಿಂದ ಬರುತ್ತೇನೋ?"

ಬ್ಯಾಂಕಿನವರು ರಜೆಗೆ ಅರ್ಜಿ ಹಾಕಿದರು. ರಜೆ ಸಿಕ್ಕಿದ ಕೂಡಲೇ ಚಿತ್ರಾನ್ನ ಕಟ್ಟಿಕೊಂಡು ನಕುರು ಪಟ್ಟಣ ದಾಟಿ ಹೊರಟೆವು.

ಸರೋವರ ಉಕ್ಕಿ ಹಳೆಯ ದಡವನ್ನು ನುಂಗಿತ್ತು. ನೀರಿನ ಮೇಲೆ ಒಣಗಿದ ಮರಗಳ ತಲೆಗಳಷ್ಟೇ ಕಾಣುತ್ತಿದ್ದವು. ದೋಣಿ ಹತ್ತುವಾಗ ಅತ್ತೆ ನೋವಿಗೆ ಹಲ್ಲು ಕಚ್ಚಿದ್ದನ್ನು ನೋಡಿ ದೋಣಿಯವನು ಕೈಚಾಚಿ, "ಪೋಲೆ, ಮಾಮಾ," ಎಂದ.

ಅತ್ತೆ ನನ್ನ ಕಡೆ ತಿರುಗಿದರು. "ನನ್ನನ್ನ ಪೋಲಿ ಅಂತಾನಲ್ಲೇ! ಮಾಮ ಬೇರೆಯಂತೆ."

ಪೋಲೆ ಎಂದರೆ ಸ್ವಾಹಿಲಿಯಲ್ಲಿ ಅಯ್ಯೋ ಪಾಪ ಎಂದು, ಮಾಮಾ ಎಂದರೆ ಅಮ್ಮ ಎಂದು ವಿವರಿಸಿದೆ.

"ಅಯ್ಯೋ ಪಾಪ ಅನ್ನೋಕೆ ನನಗೇನಾಗಿದೆ?" ಎಂದರು. ಪೋಲಿ ಎಂದಿದ್ದರೇ ವಾಸಿಯಿತ್ತು.

ದಾರಿಯಲ್ಲಿ ನೀರಿನಿಂದ ಮೇಲೆದ್ದಿದ್ದ ಏನನ್ನೋ ತೋರಿಸಿ ಅದೇನೆಂದು ಕೇಳಿದರು. ಬಂಡೆ ಎಂದರು ನನ್ನ ಗಂಡ. ಬಂಡೆ ಕಿವಿ ಅಲ್ಲಾಡಿಸಿತು. ದೋಣಿಯವನು ನೀರಾನೆಯಿಂದ ದೂರಕ್ಕೆ ದೋಣಿ ತಿರುಗಿಸಿದ.

ದ್ವೀಪದಲ್ಲಿ ಕಪ್ಪು ಕಲ್ಲುಗಳ ನಡುವೆ ನೀರು ಕೊತಕೊತ ಕುದಿಯುತ್ತಿತ್ತು. ಕೊಳೆತ ಮೊಟ್ಟೆಯ ವಾಸನೆ. "ಇದರಲ್ಲಿ ಅಕ್ಕಿ ಹಾಕಿದರೆ ಅನ್ನವಾಗುತ್ತೆ, ಕಾಲಿಟ್ಟರೆ ಕಾಲೂ ಬೇಯುತ್ತೆ," ಎಂದರು ಅತ್ತೆ. ಆದರೆ ಸ್ವಲ್ಪ ಮೇಲೆ, ಬಿರುಕೊಂದರಿಂದ ಬರಿಯ ಹಬೆ ಏಳುವಲ್ಲಿ, ಆ ದ್ವೀಪದ ಮುದುಕಿಯೊಬ್ಬಳು ಚಪ್ಪಟೆ ಕಲ್ಲಿನ ಮೇಲೆ ತಲೆತುಂಬ ಬಟ್ಟೆ ಹೊದ್ದು ಕೂತಿದ್ದಳು. ಕೊರಳ ತುಂಬ ಮಣಿಸರ. ಅತ್ತೆಯ ನಡಿಗೆ ನೋಡಿದವಳೇ ಸರಿದು ಜಾಗ ಮಾಡಿ, ಬಟ್ಟೆಯ ಅಂಚು ಎತ್ತಿದಳು. ಬೇರೆಯವರ ಲೋಟದಲ್ಲಿ ನೀರು ಕುಡಿಯದ ಅತ್ತೆ ಒಳಗೆ ನುಗ್ಗಿದರು.

ಒಂದೇ ಬಟ್ಟೆಯಡಿ ಎರಡು ತಲೆ. ಒಬ್ಬರು ಮೈಸೂರು ಕನ್ನಡದಲ್ಲಿ, ಇನ್ನೊಬ್ಬರು ತಮ್ಮ ಭಾಷೆಯಲ್ಲಿ ಎಡೆಬಿಡದೆ ಮಾತಾಡಿದರು. ನಡುನಡುವೆ ಮಂಡಿ ತಟ್ಟುವ ಸದ್ದು, ನಗು.

"ಏನು ಮಾತಾಡ್ತಿದ್ದಾರೆ?" ಎಂದರು ನನ್ನ ಗಂಡ.

"ನಿಮ್ಮ ವಿಷಯ," ಎಂದೆ.

ಕೊನೆಗೆ ಬಟ್ಟೆ ಸರಿಸಿದಾಗ ಅತ್ತೆಯ ಮುಖ ಕೆಂಪಗಿತ್ತು. "ನೋವು ಹೋಯ್ತು ಕಣೇ!" ಎಂದು ಏಳಲು ಹೋದರು. ಮಂಡಿ ಹಿಡಿತಕ್ಕೆ ಸಿಗಲಿಲ್ಲ, ಹಾಗೇ ಕುಸಿದು ಕೂತರು. ನಾವಿಬ್ಬರೂ ಕೈಹಿಡಿದು ಎತ್ತಿದರೂ ಕಾಲು ಮೈಭಾರ ತಡೆಯಲಿಲ್ಲ. ಪಕ್ಕದಲ್ಲಿದ್ದ ಮುದುಕಿ ಸಲೀಸಾಗಿ ಎದ್ದು ಹೊದ್ದ ಬಟ್ಟೆ ಕೊಡವಿಕೊಂಡಳು.

ದೋಣಿಯವನು ಹತ್ತಿರದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದ. ಅವನೂ ನನ್ನ ಗಂಡನೂ ಅತ್ತೆಯನ್ನು ಅದರಲ್ಲಿ ಕೂರಿಸಿ, ಉತ್ಸವಮೂರ್ತಿಯಂತೆ ಹೊತ್ತು ಇಳಿದರು. ಮುದುಕಿ ಅತ್ತೆಯ ಚಪ್ಪಲಿ ಹಿಡಿದು ಪಕ್ಕದಲ್ಲೇ ಬಂದಳು. ಅತ್ತೆ ಕುರ್ಚಿಯ ಕೈ ಬಿಗಿಹಿಡಿದು ಕಣ್ಣುಮುಚ್ಚಿದ್ದರು. ಮುಖವೆಲ್ಲ ಒದ್ದೆ. ಹಬೆ ಇರಬೇಕು ಎಂದುಕೊಂಡೆ. ಆದರೆ ಹಬೆಯಿಂದ ನಾವು ಬಹಳ ದೂರ ಬಂದಿದ್ದೆವು. ಅತ್ತೆಯ ಸಿಟ್ಟು ನನಗೆ ಚೆನ್ನಾಗಿ ಗೊತ್ತು, ಇದನ್ನು ನೋಡಿರಲಿಲ್ಲ. ಅವರ ಸೀರೆಯ ನೆರಿಗೆ ಸರಿಮಾಡಿದೆ.

ದೋಣಿ ನಡು ನೀರಿಗೆ ಬಂತು. ಅತ್ತೆ ದ್ವೀಪದ ಕಡೆ ನೋಡಿ, "ಆ ಮುದುಕಿಗೆ ನನಗಿಂತ ವಯಸ್ಸಾಗಿದೆ," ಎಂದರು. ಮಗನ ಕಡೆ ತಿರುಗಿ, "ಹುಬ್ಬಳ್ಳಿ ಡಾಕ್ಟರಿಗೆ ಫೋನ್ ಮಾಡು."

"ಈಗಲೇನಾ? ನಡು ನೀರಲ್ಲಿ?" ಎಂದರು ನನ್ನ ಗಂಡ.

"ಮನೆಗೆ ಹೋದರೆ ನನ್ನ ಮನಸ್ಸು ಬದಲಾಗುತ್ತೆ."

ಸಿಗ್ನಲ್ ಇತ್ತು. ಮಾಡಿದರು.

ಆಪರೇಷನ್ ಸುಸೂತ್ರವಾಗಿ ಆಯಿತು. ವ್ಯಾಯಾಮ ಮಾಡಿಸಲು ಬಂದವನನ್ನು ಅತ್ತೆ ಮೊದಮೊದಲು ಬೈದರು, ಆಮೇಲೆ ಅವನಿಗೆ ಉಪ್ಪಿಟ್ಟು ಮಾಡಿಸಿದರು. ಭಜನೆಗೆ ಬಂದವರಿಗೆಲ್ಲ ಆ ದ್ವೀಪದ ಹಬೆ ದಿವ್ಯೌಷಧ ಎಂದೇ ಈಗಲೂ ಹೇಳುತ್ತಾರೆ. ಕುರ್ಚಿಯ ವಿಷಯ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ. ಸಂಜೆ ನಮ್ಮ ಬಡಾವಣೆಯ ಗೇಟಿನವರೆಗೆ ಕೋಲಿಲ್ಲದೆ ಹೋಗಿ ಬರುತ್ತಾರೆ. ಮೆಟ್ಟಿಲು ಬಂದಾಗ ಮಾತ್ರ ನನ್ನ ಭುಜ ಹಿಡಿಯುತ್ತಾರೆ. ಕಾಲು ಅಷ್ಟು ಕೆಟ್ಟಿದ್ದಾಗಲೂ ಹಿಡಿಯುತ್ತಿರಲಿಲ್ಲ.